ಜಿಂಕೆಗೆಂದು ಬಿತ್ತಿದ ಓಟ್ಸ್

ವರ್ಲಿನ್ ಸ್ಟಿಡಮ್ ದುಡಿಯುವ ಕಾಲದಲ್ಲೆಲ್ಲ ಕೌಂಟಿಯ ರಸ್ತೆ ಯಂತ್ರಗಳನ್ನು ರಿಪೇರಿ ಮಾಡಿಕೊಂಡಿದ್ದ. ನಿವೃತ್ತನಾದ ಮೇಲೆ ಜಿಂಕೆಗಳ ಅಡುಗೆಯವನಾದ. ಆ ಹೆಸರು ಕೊಟ್ಟವಳು ಅವನ ಹೆಂಡತಿ ಆರ್ಡಿತ್.

ಅಮೆರಿಕದ ದಕ್ಷಿಣ ಮಿಸೌರಿಯ ಆ ಗುಡ್ಡಗಳಲ್ಲಿ ಇದೇನೂ ಹೊಸ ಕಸುಬಲ್ಲ. ಕಾಡಂಚಿನ ಒಂದು ತಾಕನ್ನು ಹದಮಾಡಿ, ಸುಣ್ಣ ಗೊಬ್ಬರ ಹಾಕಿ, ಓಟ್ಸ್ ಮತ್ತು ಕ್ಲೋವರ್ ಮೇವು ಬಿತ್ತಿ ಜಿಂಕೆಗಳಿಗೆ ಉಣಬಡಿಸುವುದು ಅಲ್ಲಿಯ ಗಂಡಸರಿಗೆ ಒಂದು ವ್ರತದ ಹಾಗೆ. ನವೆಂಬರ್‌ನಲ್ಲಿ ಬೇಟೆ ಶುರುವಾಗುವ ಬೆಳಿಗ್ಗೆ ಅದೇ ತಾಕಿನ ಎದುರು, ಮರಕ್ಕೆ ಕಟ್ಟಿದ ಅಟ್ಟಣೆಯ ಮೇಲೆ ಬಂದೂಕು ಹಿಡಿದು ಕೂರುವುದು ಆ ವ್ರತದ ಉದ್ಯಾಪನೆ.

"ಅಳಿಯನಿಗೆ ಮಾಡೋ ಹಾಗೆ ಉಪಚಾರ ಮಾಡ್ತೀಯ, ಆಮೇಲೆ ಗುಂಡು ಹೊಡೀತೀಯ," ಎಂದು ಆರ್ಡಿತ್ ಪ್ರತಿ ವರ್ಷ ಹೇಳುತ್ತಿದ್ದಳು. "ನಮ್ಮ ಅಳಿಯ ಕೇಳಿಸಿಕೊಂಡ್ರೆ ಕ್ರಿಸ್‌ಮಸ್‌ಗೆ ಬರೋದೇ ಬಿಡ್ತಾನೆ."

"ಅವನ ತಲೇಲಿ ಕೋಡಿಲ್ಲ. ಧೈರ್ಯವಾಗಿ ಬರಲಿ ಅನ್ನು."

ವರ್ಲಿನ್‌ಗೆ ಬೇಕಾಗಿದ್ದದ್ದು ಒಂದೇ ಒಂದು ಜಿಂಕೆ. ಬಲಗಡೆಯ ಕೋಡು ಕಿವಿಯ ಪಕ್ಕಕ್ಕೆ ಬಾಗಿದ ಆ ಹಳೇ ಗಂಡು, ಮರಕ್ಕೆ ಕಟ್ಟಿದ ಕ್ಯಾಮೆರಾದಲ್ಲಿ ಹಲವು ವರ್ಷಗಳಿಂದ ಮುಖ ತೋರಿಸಿ ಹೋಗುತ್ತಿತ್ತು. ಅವನ ಜಮೀನಿಗೂ ಪಕ್ಕದ ಡಾಯಲ್ ಹಕಬಿಯ ಜಮೀನಿಗೂ ನಡುವೆ ಒಂದು ಮುಳ್ಳುತಂತಿ. ಅದಕ್ಕೆ ಜಿಂಕೆ ಯಾವ ಬೆಲೆಯನ್ನೂ ಕೊಡುತ್ತಿರಲಿಲ್ಲ. ವರ್ಲಿನ್ ಕೊಡುತ್ತಿದ್ದ. ಆ ಜಿಂಕೆ ಬೇರೆಲ್ಲಿ ಬಿದ್ದರೂ ಬರೀ ಬೇಟೆ. ತನ್ನ ಓಟ್ಸ್ ಮೇಯುತ್ತಾ ಬಿದ್ದರೆ ಮಾತ್ರ ಅದು ತಾನು ಬೆಳೆದ ಬೆಳೆ ಎಂಬುದು ಅವನ ಲೆಕ್ಕ.

ಆ ವರ್ಷ ಮಳೆ ಬರಲಿಲ್ಲ. ಸೆಪ್ಟೆಂಬರ್‌ನಲ್ಲಿ ಟಿವಿಯವರು ಮಳೆ ಎಂದಿದ್ದನ್ನು ನಂಬಿ ಅವನು ಒಣ ಧೂಳಿಗೇ ಬಿತ್ತಿದ. ಮೋಡ ಬಂತು, ಗುಡುಗಿತು, ಉತ್ತರಕ್ಕೆ ಹೋಗಿ ಬೇರೆಯವರ ಕೌಂಟಿಯಲ್ಲಿ ಸುರಿಯಿತು. ಬೀಜವನ್ನು ಪಾರಿವಾಳಗಳು ತಿಂದವು. ಮತ್ತೆ ಬಿತ್ತಿದ. ಈ ಬಾರಿ ಕಾಡುಟರ್ಕಿಗಳು ಸಂಸಾರ ಸಮೇತ ಬಂದು ಸಾಲು ಹಿಡಿದು ಕೆದಕಿದವು. ಮೂರನೆಯ ಸಲ ಬೀಜದಂಗಡಿಗೆ ಹೋದಾಗ ಅಂಗಡಿಯವಳು ಚೀಲ ಎತ್ತಿಕೊಡುತ್ತಾ, "ಈ ಸಲ ಯಾರಿಗೆ ಊಟ ವರ್ಲಿನ್? ಅಳಿಲುಗಳು ಬೇಜಾರು ಮಾಡ್ಕೊಂಡಿವೆಯಂತೆ," ಎಂದಳು.

ಆ ಭಾನುವಾರ ಚರ್ಚಿನಲ್ಲಿ, ಯಾರಿಗೆ ಯಾವುದಕ್ಕೆ ಪ್ರಾರ್ಥನೆ ಬೇಕು ಎಂದು ಪಾದ್ರಿ ಬ್ರದರ್ ಲೀಮನ್ ವಾಡಿಕೆಯಂತೆ ಕೇಳಿದರು. ಒಬ್ಬರ ಮೊಣಕಾಲು, ಒಬ್ಬರ ಮಗಳ ಹೆರಿಗೆ ಆದ ಮೇಲೆ ವರ್ಲಿನ್ ಕೈ ಎತ್ತಿದ.

"ಮಳೆಗೆ, ಬ್ರದರ್."

ಅವನ ಕೈ ಇಳಿಯುವ ಮೊದಲೇ ಮುಂದಿನ ಬೆಂಚಿನಲ್ಲಿ ಡಾಯಲ್‌ನ ಕೈ ಎದ್ದಿತು. "ನನ್ನದೂ ಒಂದು ಬ್ರದರ್. ಮಳೆ ಬರಬಾರದು. ಸೋಯಾ ಒಣಗಿ ನಿಂತಿದೆ, ಕಟಾವು ಮಷಿನ್ ಕೆಟ್ಟು ಕೂತಿದೆ. ಈಗ ನೆನೆದ್ರೆ ಕಾಯಿ ಒಡೆದು ಕಾಳೆಲ್ಲ ನೆಲಕ್ಕೆ."

ಬ್ರದರ್ ಲೀಮನ್ ಇಬ್ಬರನ್ನೂ ನೋಡಿದರು. ಅವರ ಮನೆಯ ಹಿಂದೆಯೂ ಒಂದು ಜಿಂಕೆ ತಾಕು ಇತ್ತು. "ಯಾವುದು ಮೊದಲು ಅನ್ನೋದನ್ನ ದೇವರಿಗೇ ಬಿಡೋಣ," ಎಂದರು.

"ಒಂದು ಹೊಟ್ಟೆಪಾಡು, ಇನ್ನೊಂದು ಆಟ. ದೇವರಿಗೆ ಅಷ್ಟೂ ತಿಳಿಯಲ್ವಾ," ಎಂದಳು ಆರ್ಡಿತ್. ಪಿಸುಮಾತೇ, ಆದರೆ ಹಿಂದಿನ ಬೆಂಚಿನವರಿಗೂ ಕೇಳಿಸಿತು.

ಮನೆಗೆ ಹೋಗುವ ದಾರಿಯಲ್ಲಿ ವರ್ಲಿನ್‌ಗೆ ತನ್ನ ಪ್ರಾರ್ಥನೆಯಲ್ಲಿದ್ದ ತಪ್ಪು ಹೊಳೆಯಿತು. ಡಾಯಲ್‌ನ ಸೋಯಾ ನಿಂತಿರುವ ತನಕ ಬಾಗಿದ ಕೋಡಿನ ಜಿಂಕೆ ಅಲ್ಲೇ ಮೇಯುತ್ತದೆ, ಬೇಲಿ ದಾಟಿ ಬರುವುದಿಲ್ಲ. ಸೋಯಾ ಕೊಯ್ಲಾಗಬೇಕಾದರೆ ಬಿಸಿಲು ಬೇಕು. ಓಟ್ಸ್ ಏಳಬೇಕಾದರೆ ಮಳೆ ಬೇಕು. ಮೊದಲು ಬಿಸಿಲು, ಆಮೇಲೆ ಮಳೆ ಎಂದು ದೇವರಿಗೆ ಸರದಿ ಹಾಕಿಕೊಡಲು ಅವನಿಗೆ ಸಂಕೋಚವಾಯಿತು. ತನ್ನ ಕೈಲಾಗುವ ಭಾಗವನ್ನು ತಾನೇ ಮಾಡಿ ಮುಗಿಸುವುದು ಎಂದುಕೊಂಡ.

ಮರುದಿನ ಸಲಕರಣೆಯ ಪೆಟ್ಟಿಗೆ ಹಿಡಿದು ಡಾಯಲ್‌ನ ಕೊಟ್ಟಿಗೆಯ ಮುಂದೆ ನಿಂತ.

"ಏನಯ್ಯಾ, ಹೇಳಿ ಕಳಿಸದೇ ಬಂದೆ?" ಎಂದ ಡಾಯಲ್.

"ನೆರೆಯವನಲ್ವಾ."

"ಮಷಿನ್ ಕೆಟ್ಟು ಎಷ್ಟು ದಿನ ಆಯ್ತು. ನೀನು ನೆರೆಯವನಾಗಿದ್ದು ಇವತ್ತೇ?"

"ಬೇಡ ಅಂದ್ರೆ ಹೋಗ್ತೀನಪ್ಪ."

"ಬೇಡ ಅಂದೆನಾ? ಬಾ, ಬಾ. ಕಾಫಿ ಕುಡೀತೀಯಾ?"

ವರ್ಲಿನ್ ಯಂತ್ರದ ಅಡಿಗೆ ತೂರಿದ. ಬೇರಿಂಗ್ ಸುಟ್ಟು ಕಚ್ಚಿಕೊಂಡಿತ್ತು. ಬಡಿದು ಬಿಡಿಸಿ, ತನ್ನ ಶೆಡ್ಡಿನಲ್ಲಿದ್ದ ಹಳೆಯದೊಂದನ್ನು ತಂದು ಕೂರಿಸಿದ. ಸ್ವಂತ ಟ್ರ್ಯಾಕ್ಟರಿಗೂ ಅವನು ಎಂದೂ ಅಷ್ಟು ಮನಸ್ಸಿಟ್ಟು ಕೆಲಸ ಮಾಡಿದ್ದಿಲ್ಲ. ಯಂತ್ರ ಕೆಮ್ಮಿ ಎದ್ದಾಗ ಡಾಯಲ್ ಟೋಪಿ ತೆಗೆದು ಹಣೆ ಒರೆಸಿಕೊಂಡ. "ನಿನ್ನ ಬಗ್ಗೆ ಏನೇನೋ ಅಂದುಕೊಂಡಿದ್ದೆ ಮಾರಾಯಾ. ತಪ್ಪು ತಿಳ್ಕೊಂಡಿದ್ದೆ," ಎಂದ. ವರ್ಲಿನ್ ಕೈಯ ಗ್ರೀಸ್ ಒರೆಸಿಕೊಳ್ಳುವುದರಲ್ಲಿ ಮಗ್ನನಾದ.

ಕೊಯ್ಲು ಮುಗಿದ ದಿನ ವರ್ಲಿನ್ ಬೇಲಿಯ ಹತ್ತಿರ ಹೋಗಿ ನೋಡಿದ. ಹೊಲವೆಲ್ಲ ಬೋಳಾಗಿತ್ತು. ಕಾಡಿನ ಅಂಚಿಗೆ ಮಾತ್ರ ಒಂದು ಪಟ್ಟಿ ಸೋಯಾ ಕಾಯಿ ತುಂಬಿಕೊಂಡು ಹಾಗೇ ನಿಂತಿತ್ತು.

"ಅದೇನು, ಮರೆತು ಬಿಟ್ಟೆಯಾ?" ಎಂದು ಕೂಗಿದ.

ಡಾಯಲ್ ಯಂತ್ರ ನಿಲ್ಲಿಸಿ ಖುಷಿಯಿಂದ ಇಳಿದು ಬಂದ. "ನಿನ್ನಿಂದಲೇ ಹೊಳೆದದ್ದು ಕಣೋ. ವರ್ಷಾ ವರ್ಷಾ ನಿನ್ನ ಓಟ್ಸ್ ನೋಡೀ ನೋಡೀ, ನಾನೂ ಜಿಂಕೆಗಳಿಗೆ ಒಂದು ತಟ್ಟೆ ಇಡೋಣ ಅನ್ನಿಸ್ತು. ಉಳೋದಿಲ್ಲ, ಬಿತ್ತೋದಿಲ್ಲ, ಕೊಯ್ಯದೇ ಬಿಟ್ರೆ ಆಯ್ತು. ನಿನಗೆ ಇದು ಯಾಕೆ ಹೊಳೀಲಿಲ್ಲ?"

ವರ್ಲಿನ್ ಬಳಿ ಸೋಯಾ ಹೊಲ ಇರಲಿಲ್ಲ. ಅದನ್ನು ಹೇಳುವ ಗೋಜಿಗೆ ಹೋಗದೆ ಮನೆಗೆ ಬಂದು ಮೂರನೆಯ ಚೀಲ ಬಿತ್ತಿದ.

ಅದೇ ವಾರ ಹದವಾದ ಮಳೆ ಬಂತು. ಮುಂದಿನ ಭಾನುವಾರ ಬ್ರದರ್ ಲೀಮನ್ ಇದನ್ನೇ ಪ್ರಸಂಗ ಮಾಡಿದರು: ಇಬ್ಬರ ಮೊರೆಯನ್ನೂ ದೇವರು ಕೇಳಿದ, ಅದೂ ಸರಿಯಾದ ಸರದಿಯಲ್ಲಿ. ಎಲ್ಲರೂ ತಿರುಗಿ ವರ್ಲಿನ್‌ನನ್ನು ನೋಡಿದರು. ಆಮೆನ್ ಅನ್ನದೆ ಅವನಿಗೆ ಬೇರೆ ದಾರಿ ಇರಲಿಲ್ಲ.

ಓಟ್ಸ್ ಎದ್ದಿತು. ಅಷ್ಟು ಒತ್ತಾಗಿ, ಅಷ್ಟು ಹಸಿರಾಗಿ ಅದು ಹಿಂದೆಂದೂ ಎದ್ದಿರಲಿಲ್ಲ. ಕ್ಯಾಮೆರಾದಲ್ಲಿ ಮೊಲಗಳು ಬಂದವು. ಡಾಯಲ್‌ನ ನಾಯಿಯೂ ಒಂದು ಸಲ ಬಂದು ಉರುಳಾಡಿ ಹೋಯಿತು.

ಬೇಟೆ ಶುರುವಾಗುವ ಮುನ್ನಾದಿನ ಡಾಯಲ್ ಬೇಲಿಗೆ ಬಂದ. "ಬಾಗಿದ ಕೋಡಿನವನು ದಿನಾ ಬೆಳಿಗ್ಗೆ ಸಾಯಂಕಾಲ ಸೋಯಾದಲ್ಲೇ ಇರ್ತಾನೆ. ನಾಳೆ ನನ್ನ ಅಟ್ಟಣೇಲಿ ನೀನು ಕೂತ್ಕೋ. ನೀನಿಲ್ದೇ ಇದ್ರೆ ನನ್ನ ಫಸಲು ಮನೆಗೆ ಬರ್ತಿರಲಿಲ್ಲ. ಇದು ನಿನಗೇ ಸೇರಬೇಕಾದ್ದು."

ಮನಸ್ಸಿನಿಂದ ಹೇಳಿದ ಮಾತೆಂದು ವರ್ಲಿನ್‌ಗೆ ಗೊತ್ತಾಯಿತು. ಹಾಗಾಗಿಯೇ ಹೆಚ್ಚು ಕಷ್ಟವಾಯಿತು. "ಇಲ್ಲ ಡಾಯಲ್. ನನ್ನ ಓಟ್ಸ್ ಎದ್ದಿದೆ," ಎಂದ.

"ಅದೂ ಸರೀನೇ," ಎಂದು ಡಾಯಲ್ ಒತ್ತಾಯ ಮಾಡಲಿಲ್ಲ.

ಬೆಳಿಗ್ಗೆ ಬೇಟೆಗಾರರು ತೊಡುವ ಕಿತ್ತಳೆ ಬಣ್ಣದ ಕೋಟು ತೊಟ್ಟು ವರ್ಲಿನ್ ತನ್ನ ಹಸಿರಿನ ಮುಂದೆ ಕೂತ. ಹಿಮ ಬಿದ್ದು ಎಸಳುಗಳು ಹೊಳೆಯುತ್ತಿದ್ದವು. ಬಿಸಿಲೇರಿದ ಮೇಲೆ ಬೇಲಿಯಾಚೆಯಿಂದ ಒಂದೇ ಒಂದು ಗುಂಡಿನ ಸದ್ದು ಕೇಳಿತು. ಎರಡನೆಯದು ಕೇಳಲಿಲ್ಲ. ಅವನು ಕೆಳಗಿಳಿದು, ತಂತಿ ಎತ್ತಿ ನುಸುಳಿ ಆಚೆ ಹೋದ. ನೆರೆಯವನ ಜಿಂಕೆ ಬಿದ್ದರೆ ಎಳೆಯಲು ಕೈ ಕೊಡದೆ ಇರುವ ಪದ್ಧತಿ ಆ ಕಡೆ ಇಲ್ಲ.

ಬಾಗಿದ ಕೋಡಿನ ಜಿಂಕೆ ಕಣ್ಣಿಗೆ ಕಾಣುವುದಕ್ಕಿಂತ ಭಾರವಾಗಿತ್ತು. ಡಾಯಲ್ ಜಿಂಕೆಯನ್ನು ಸೀಳಿ, ಏನು ತಿಂದಿದೆ ನೋಡೋಣ ಎಂದು ಹೊಟ್ಟೆಚೀಲ ಬಿಡಿಸಿದ. ಸೋಯಾ ಕಾಳು, ಓಕ್ ಕಾಯಿ, ಮತ್ತೆ ಸೋಯಾ ಕಾಳು. ವರ್ಲಿನ್ ಇನ್ನೂ ಹತ್ತಿರ ಬಗ್ಗಿ ನೋಡಿದ. ಡಾಯಲ್ ಅವನ ಮುಖವನ್ನೊಮ್ಮೆ ನೋಡಿ, ಚಾಕುವಿನ ತುದಿಯಿಂದ ಇನ್ನಷ್ಟು ಕೆದಕಿ, ಹಸಿರು ಚೂರೊಂದನ್ನು ಎತ್ತಿ ಹಿಡಿದ.

"ಇಗೋ. ನಿನ್ನ ಓಟ್ಸ್."

ವರ್ಲಿನ್ ಅದನ್ನು ಬೆರಳಲ್ಲಿ ಹಿಸುಕಿ ನೋಡಿದ. ಬೇಲಿಗೆ ಹಬ್ಬುವ ಕಾಡುಬಳ್ಳಿಯ ಎಲೆ.

"ಹೌದು," ಎಂದ. "ನನ್ನದೇ."

ಎಳೆಯಲು ಬಂದವನ ಪಾಲೆಂದು ಡಾಯಲ್ ಕೊಟ್ಟ ಬೆನ್ನಿನ ಮಾಂಸವನ್ನು ವರ್ಲಿನ್ ಅಡುಗೆಮನೆಯ ಮೇಜಿನ ಮೇಲಿಟ್ಟ.

"ನಮ್ಮ ಓಟ್ಸ್ ತಿಂದಿತ್ತಂತೆ," ಎಂದ.

"ಡಾಯಲ್ ಹೇಳಿದ್ನಾ?" ಆರ್ಡಿತ್ ಕೇಳಿದಳು.

"ಹೂಂ."

"ಒಳ್ಳೆಯವನು," ಎಂದು ಅವಳು ಬಾಣಲೆ ಒಲೆಗೇರಿಸಿದಳು.