ಅಕ್ಕನಿಗೆ ಎಂಟು ದಿನ ತಡಿ ಅಂದೆ

ಹತ್ತಿಯ ಧಾರಣೆ ಬೀಳುತ್ತದೆ ಎಂದು ನನಗೆ ಗೊತ್ತಿತ್ತು. ಗೊತ್ತಿದ್ದೂ ಒಡಹುಟ್ಟಿದ ಅಕ್ಕನಿಗೆ ಇನ್ನೂ ಎಂಟು ದಿನ ತಡಿ ಎಂದೆ. ಹಾಗೆಂದ ಮಧ್ಯಾಹ್ನವೇ ನನ್ನ ಹತ್ತಿಯನ್ನು ಮಾರಿಕೊಂಡೆ. ಆರು ವರ್ಷವಾಯಿತು, ಯಾರಿಗೂ ಹೇಳಿಲ್ಲ.

ನಾನು ಶಹಾಪುರದಲ್ಲಿ ಹತ್ತಿಯ ದಲಾಲಿ ಮಾಡುವವನು. ದಲಾಲರೆಂದರೆ ಊರೆಲ್ಲ ಬೈಯುತ್ತದೆ. ಬೈಯಲಿ, ನನ್ನ ಮಟ್ಟಿಗೆ ಅದರಲ್ಲಿ ಒಂದಕ್ಷರವೂ ಹುಸಿಯಲ್ಲ. ದಲಾಲಿಯ ಜೊತೆಗೆ ಒಂದಿಷ್ಟು ಹತ್ತಿಯನ್ನು ನಾನೇ ಕೊಂಡು ಗೋದಾಮಿನಲ್ಲಿ ತುಂಬಿ, ಏರಲಿ ಎಂದು ಕಾಯುತ್ತಿದ್ದೆ. ನನ್ನ ದಲಾಲಿ ಅಂಗಡಿಯೆದುರಿನ ಚಹಾದಂಗಡಿಯಲ್ಲಿ ಒಬ್ಬ ಮೇಷ್ಟ್ರು ಕೂತು ಮೊಬೈಲಿನಲ್ಲಿ ಷೇರು ನೋಡುತ್ತಿದ್ದರು. ಅವರಿಗೆ ಆ ಚಟ, ನನಗೆ ಈ ಚಟ. ಏರಿದ ದಿನ ಇಬ್ಬರೂ ಜಾಣರು, ಇಳಿದ ದಿನ ಇಬ್ಬರೂ ಉಗುರು ಕಚ್ಚುವವರು.

ಅಕ್ಕ ಮಲ್ಲಮ್ಮ ಇರುವುದು ಸುರಪುರದ ಆಚೆ, ಬೋನಾಳದ ಕೆರೆಯ ಬದಿಯ ಹಳ್ಳಿಯಲ್ಲಿ. ಭಾವ ತೀರಿಕೊಂಡ ಮೇಲೆ ಶಾಲೆಯಲ್ಲಿ ಬಿಸಿಯೂಟ ಬೇಯಿಸುತ್ತಾಳೆ, ಒಂದಿಷ್ಟು ಹೊಲವನ್ನು ಲಾವಣಿಗೆ, ಎಂದರೆ ಗುತ್ತಿಗೆಗೆ, ಹಿಡಿಯುತ್ತಾಳೆ. ಆ ವರ್ಷ ಅವಳ ಹತ್ತಿ ಒಳ್ಳೆಯದಾಗಿತ್ತು. ಪಡಸಾಲೆಯಲ್ಲಿ ತೊಲೆ ಮುಟ್ಟುವಷ್ಟು ಒಟ್ಟಿದ್ದಳು. ತಾಯಿ ಮಗಳು ಅದರ ಪಕ್ಕದಲ್ಲೇ ಮಲಗಿ ಮೈಯೆಲ್ಲ ತುರಿಸಿಕೊಂಡು ಏಳುತ್ತಿದ್ದರು. ಮಗಳು ರೇಣುಕಾಗೆ ಕಲಬುರಗಿಯಲ್ಲಿ ನರ್ಸಿಂಗ್ ಸೀಟು ಸಿಕ್ಕಿತ್ತು. ಫೀಸು ಕಟ್ಟಲು ಹತ್ತು ದಿನ ಉಳಿದಿತ್ತು. ಆ ಹತ್ತಿ ಎಂದರೆ ಆ ಸೀಟು — ಅದು ನನಗೂ ಗೊತ್ತಿತ್ತು.

ಎರಡು ದೊಡ್ಡ ದೇಶಗಳು ಆಗ ಸುಂಕದ ಜಗಳಕ್ಕೆ ಬಿದ್ದಿದ್ದವು. ಅವನು ಇವನ ಮಾಲಿಗೆ ಸುಂಕ ಹಾಕಿದರೆ ಇವನು ಅವನ ಮಾಲಿಗೆ. ರಾಜಿಯ ಸುದ್ದಿ ಬಂದ ದಿನ ಹತ್ತಿ ಏರುತ್ತಿತ್ತು, ರಾಜಿ ಮುರಿಯಿತೆಂದರೆ ಇಳಿಯುತ್ತಿತ್ತು. ಯಾವ ದಿನ ಮಾರಬೇಕು ಎಂದು ಯಾರಿಗೂ ತಿಳಿಯದು. ಅದಕ್ಕೇ ಅಕ್ಕ ನನ್ನನ್ನು ಕೇಳಲು ಬಂದಳು.

ನಮ್ಮ ದಂಧೆಯಲ್ಲಿ ಹಳಬರು ದರವನ್ನು ಬಾಯಿಬಿಟ್ಟು ಹೇಳುವುದಿಲ್ಲ. ಖರೀದಿದಾರ ಮತ್ತು ದಲಾಲ ಒಂದು ಟವೆಲ್ಲಿನ ಕೆಳಗೆ ಕೈ ಕೂಡಿಸಿ, ಬೆರಳು ಒತ್ತಿ ದರ ತಿಳಿಸುತ್ತಾರೆ. ಸುತ್ತಲಿನವರಿಗೆ ಕಾಣುವುದು ಮುಖ ಮಾತ್ರ, ಮುಖವನ್ನು ಹೇಗಿಟ್ಟುಕೊಳ್ಳಬೇಕೆಂದು ನಾನು ಇಪ್ಪತ್ತು ವರ್ಷ ಕಲಿತಿದ್ದೇನೆ. ಆ ದಿನ ಮಿಲ್ಲಿನ ಖರೀದಿದಾರ ನನ್ನ ಬೆರಳು ಹಿಡಿದಾಗ ಅಕ್ಕ ಮೂರು ಮಾರು ದೂರದಲ್ಲಿ ಚೀಲದ ಮೇಲೆ ಕೂತಿದ್ದಳು. ತೊಡೆಯ ಮೇಲೆ ತನ್ನ ಹತ್ತಿಯ ಮಾದರಿ, ಒಂದು ಹಳೆಯ ಕುಬಸದ ಬಟ್ಟೆಯಲ್ಲಿ ಕಟ್ಟಿಕೊಂಡು ಬಂದದ್ದು.

ಅವನು ಒತ್ತಿದ್ದು ಹಿಂದಿನ ವಾರದ ಒಳ್ಳೆಯ ದರವನ್ನೇ. ಆಮೇಲೆ ನನ್ನ ಕಿವಿಗೆ ಬಾಗಿದ. “ಒಂದ ಲಾರಿ ನೋಡ್ರಿ. ಹಳೇ ಆರ್ಡರ್ ಮುಗಸೂದದ, ಅದಕ್ಕ ಈ ರೇಟು. ನಾಳಿಂದ ಮಿಲ್ ಗೇಟ್ ಬಂದ್. ಹೊರದೇಶದ ಆರ್ಡರೆಲ್ಲಾ ನಿಂತಾವ.”

ಒಂದೇ ಲಾರಿ. ನನ್ನ ಗೋದಾಮಿನ ಹತ್ತಿಯೂ ಸರಿಯಾಗಿ ಒಂದು ಲಾರಿ. ಲಾರಿಯನ್ನು ಹಳ್ಳಿಗೂ ತಿರುಗಿಸಿ ಅಕ್ಕನದನ್ನು ಹಾಕಿದ್ದರೆ ನನ್ನದರಲ್ಲಿ ಮೂರರಲ್ಲೊಂದು ಪಾಲು ಉಳಿಯುತ್ತಿತ್ತು — ಅಷ್ಟೇ. ನಾನು ಬೀದಿಗೆ ಬೀಳುತ್ತಿರಲಿಲ್ಲ, ನನ್ನ ಮಕ್ಕಳು ಉಪವಾಸವಿರುತ್ತಿರಲಿಲ್ಲ. ಇದನ್ನು ಯಾಕೆ ಹೇಳುತ್ತಿದ್ದೇನೆಂದರೆ, ಪಾಪ, ಅವನಿಗೂ ಏನೋ ಕಷ್ಟವಿತ್ತು ಎಂದು ಓದುವವರಲ್ಲಿ ಯಾರಾದರೂ ಕನಿಕರ ತೋರಿಸಿಯಾರು. ಬೇಡ. ಕಷ್ಟವಿರಲಿಲ್ಲ. ದುರಾಸೆಯಿತ್ತು.

“ಏನಂದಾರೋ ತಮ್ಮಾ?” ಅಕ್ಕ ಕೇಳಿದಳು.

“ಬಾಳ ಕಡಿಮಿ ಕೇಳ್ಯಾರ ಅಕ್ಕಾ. ಎಂಟು ದಿನ ತಡಿ, ಏರ್ತದ.”

“ಕಾಲೇಜಿನವ್ರು ಹತ್ತ ದಿನದ ವಾಯಿದಾ ಕೊಟ್ಟಾರಪ್ಪ.”

“ಅಷ್ಟರಾಗ ಏರ್ತದ. ಫಿಕರ್ ಮಾಡಬ್ಯಾಡ.”

ಅವಳು ಎರಡನೆಯ ಸಲ ಕೇಳಲಿಲ್ಲ. ಗಂಟು ಬಿಚ್ಚಿ ಹತ್ತಿಯನ್ನು ಒಮ್ಮೆ ನೋಡಿಕೊಂಡು, “ಖರೇ ಅದ, ಇಂಥಾ ಹತ್ತಿ ಕಡಿಮಿಗ್ಯಾಕ ಕೊಡೂದು” ಎಂದಳು. ನಾನು ಚಹಾ ಕುಡಿಸಿದೆ. ಸುರಪುರದ ಬಸ್ಸಿಗೆ ನಾನೇ ಕರೆದೊಯ್ದು ಹತ್ತಿಸಿದೆ, ಕಿಟಕಿಯ ಬದಿಗೆ ಜಾಗ ಹಿಡಿದು ಕೊಟ್ಟೆ. ಜನ ನೋಡಿದರೆ ಎಂಥ ತಮ್ಮ ಅನ್ನಬೇಕು — ಅವಳು ಲಾರಿಯನ್ನು ನೋಡಬಾರದು ಎಂಬುದಷ್ಟೇ ನನ್ನ ಅವಸರವಾಗಿತ್ತು. ತನ್ನ ಜೊತೆ ಶಹಾಪುರಕ್ಕೆ ಬಂದು, ಕಾಲೇಜಿನ ಅರ್ಜಿಗೆ ಫೋಟೋ ತೆಗೆಸಲು ಹೋದ ರೇಣುಕಾ ಮುಂದಿನ ಬಸ್ಸಿಗೆ ಬರುತ್ತಾಳೆ ಎಂದು ಅಕ್ಕ ಹೇಳಿದ್ದು ನನ್ನ ತಲೆಯಲ್ಲಿ ಉಳಿಯಲಿಲ್ಲ.

ಮರುದಿನದಿಂದ ಧಾರಣೆ ಕುಸಿಯಿತು. ಮಿಲ್ಲುಗಳು ಬಾಗಿಲು ಹಾಕಿದವು. ಪೇಟೆಯಲ್ಲಿ ಎಲ್ಲರಿಗಿಂತ ದೊಡ್ಡ ದನಿಯಲ್ಲಿ ಬೈದವನು ನಾನು. ಕೋಣಗಳೆರಡು ಕಾದಾಡಿದರೆ ಗಿಡಕ್ಕೆ ಕುತ್ತು, ಅವರ ಜಗಳದಾಗ ನಾವು ಸತ್ತೆವು, ನನ್ನ ಹತ್ತಿಯೂ ಗೋದಾಮಿನಲ್ಲೇ ಕೊಳೆಯುತ್ತಿದೆ ಎಂದು ಕಂಡಕಂಡವರಿಗೆ ಹೇಳಿದೆ. ಯಾರು ತಾನೇ ನಂಬುವುದಿಲ್ಲ? ವಡಗೇರಾದಲ್ಲಿ, ರಾಮಸಮುದ್ರದಲ್ಲಿ ಮನೆಮನೆಯಲ್ಲಿ ಹತ್ತಿ ಹಾಗೇ ಬಿದ್ದಿತ್ತು. ಮೇಷ್ಟ್ರ ಷೇರುಗಳೂ ನೆಲ ಕಚ್ಚಿದ್ದವು. ಅಷ್ಟು ಜನರ ನಿಜವಾದ ನಷ್ಟದ ನಡುವೆ ನನ್ನದೊಂದು ಸುಳ್ಳು ಆರಾಮಾಗಿ ಕೂತಿತು. ಜಗತ್ತೇ ತಪ್ಪು ಮಾಡಿರುವಾಗ ಶಹಾಪುರದ ಒಬ್ಬ ದಲಾಲನನ್ನು ಯಾರು ಕೇಳುತ್ತಾರೆ.

ಫೀಸನ್ನು ನಾನೇ ಕಟ್ಟಬಹುದಿತ್ತು. ಲಾರಿಯ ದುಡ್ಡು ಕೈಯಲ್ಲಿತ್ತು. ಆದರೆ ಮುಳುಗಿದೆ ಎಂದು ಊರಿಗೆಲ್ಲ ಸಾರಿದವನ ಬಳಿ ದುಡ್ಡು ಎಲ್ಲಿಂದ ಬಂತು ಎಂದು ಕೇಳಿದರೆ — ಆ ಒಂದು ಪ್ರಶ್ನೆಗೆ ಹೆದರಿ ಸುಮ್ಮನಿದ್ದೆ. ಹತ್ತನೆಯ ದಿನ ಕಳೆಯಿತು. ಸೀಟು ಬೇರೆಯವರ ಪಾಲಾಯಿತು. ತಿಂಗಳೊಪ್ಪತ್ತಿನ ಮೇಲೆ ಅಕ್ಕ ಆ ಹತ್ತಿಯನ್ನು ಬಂದಷ್ಟಕ್ಕೆ ಕೊಟ್ಟಳು.

ಅದಾದ ವಾರ ಸಮಾಧಾನ ಹೇಳಲೆಂದು ಅವಳ ಮನೆಗೆ ಹೋದೆ. ಹೌದು, ಸಮಾಧಾನ. ನನ್ನ ಹತ್ತಿಯೂ ಗೋದಾಮಿನಲ್ಲೇ ಬಿದ್ದಿದೆ ಎಂದು ಅಲ್ಲೂ ಹೇಳಿದೆ. ರೇಣುಕಾ ಚಹಾ ತಂದುಕೊಟ್ಟು ಅಲ್ಲೇ ನಿಂತಳು.

“ಮಾವಾ, ನಿಮ್ಮ ಹತ್ತಿ ಅವತ್ತ ಹೋತಲ್ರಿ. ಲಾರಿ ತುಂಬೂದು ನಾ ಕಣ್ಣಾರೆ ನೋಡೀನಿ.”

ಅಕ್ಕ ನನ್ನ ಮುಖ ನೋಡಿದಳು. ಕುಂಬಳಕಾಯಿ ಕಳ್ಳನ ಹಾಗೆ ನಾನು ಹೆಗಲು ಮುಟ್ಟಿಕೊಳ್ಳಲಿಲ್ಲ, ಅಷ್ಟರಮಟ್ಟಿಗೆ ಪಳಗಿದ ಕಳ್ಳ. “ಅದು ಬ್ಯಾರೆಯವ್ರ ಮಾಲು” ಎಂದೆ.

“ಸುಳ್ಳ. ನೀವ ನಿಂತು ತುಂಬಸಾಕತ್ತಿದ್ರಿ.”

ಅಕ್ಕನ ಕೈ ಅವಳ ಕೆನ್ನೆಗೆ ಬಿತ್ತು. “ನನ್ನ ತಮ್ಮಗ ಸುಳ್ಳ ಅಂತೀಯೇನ? ನಮ್ಮಂಗ ಅವನೂ ಮುಳುಗ್ಯಾನ. ಮಾಫಿ ಕೇಳು.” ಹುಡುಗಿ ಕೇಳಲಿಲ್ಲ. ಎರಡನೆಯ ಏಟು ಬಿತ್ತು. ಆಗ ಅವಳು ನನ್ನ ಕಣ್ಣಲ್ಲಿ ಕಣ್ಣಿಟ್ಟು, ಒಂದು ಹನಿ ನೀರು ಹಾಕದೆ, “ತಪ್ಪಾತ್ರಿ ಮಾವಾ” ಎಂದಳು.

ನಾನು ಏನು ಮಾಡಿದೆ ಗೊತ್ತೇ? “ಇರಲಿ ಬಿಡು, ಸಣ್ಣಾಕಿ” ಎಂದು ಕ್ಷಮಿಸಿದೆ. ನಾನು — ಅವಳನ್ನು! ಲೋಟದಲ್ಲಿದ್ದ ಚಹಾವನ್ನು ಪೂರ್ತಿ ಕುಡಿದೆ. ಹತ್ತಿಯ ಮಾತು ಒತ್ತಟ್ಟಿಗಿರಲಿ, ಆ ಒಂದು ಮಾತಿಗಾಗಿ ನನ್ನ ಮೇಲೆ ನನಗೇ ಹೇಸಿಗೆ.

ರೇಣುಕಾ ಈಗ ಶಹಾಪುರದಲ್ಲಿ, ಹತ್ತಿಯ ಬೀಜ ಬೇರ್ಪಡಿಸುವ ಒಂದು ಜಿನ್ನಿಂಗ್ ಮಿಲ್ಲಿನಲ್ಲಿ ಕೂಲಿ. ದಿನವಿಡೀ ಹತ್ತಿಯ ಧೂಳಿನಲ್ಲಿ ನಿಂತು ಕೆಮ್ಮುತ್ತಾಳೆ. ಸಂಜೆ ನನ್ನ ಅಂಗಡಿಯ ಮುಂದೆಯೇ ಬಸ್ಸಿಗೆ ಹೋಗುತ್ತಾಳೆ. ಮುಖ ತಿರುಗಿಸುವುದಿಲ್ಲ, ನೆಟ್ಟಗೆ ನನ್ನನ್ನೇ ನೋಡುತ್ತಾ ದಾಟುತ್ತಾಳೆ. ಆ ನೋಟದಲ್ಲಿ ಮಾವ ಎಂಬುದೇನೂ ಉಳಿದಿಲ್ಲ. ಒಂದು ಸಲ ಕರೆದು ಬಾಳೆಹಣ್ಣು ಕೊಡಲು ಹೋದೆ. “ನಿಮ್ಮ ಅಕ್ಕಗ ಕೊಡ್ರಿ, ಆಕಿ ತಿಂತಾಳ” ಎಂದು ನಡೆದಳು.

ಈ ವರ್ಷ ಮತ್ತೆ ಸುಂಕದ ಗದ್ದಲ. ಈ ಸಲ ನಮ್ಮ ದೇಶದ ಬಟ್ಟೆಯ ಮೇಲೆಯೇ ಹಾಕಿದ್ದಾರೆ. ಹತ್ತಿ ಬೆಳಿಗ್ಗೆ ಒಂದು ದರ, ಸಂಜೆ ಒಂದು ದರ. ನಿನ್ನೆ ಅಕ್ಕ ಫೋನ್ ಮಾಡಿದಳು.

“ತಮ್ಮಾ, ಊರಾಗ ಒಬ್ಬೊಬ್ರು ಒಂದೊಂದು ಹೇಳಾಕತ್ತಾರ. ನಾ ಯಾರ ಮಾತೂ ಕೇಳಂಗಿಲ್ಲ. ನೀ ಮಾರು ಅಂದ ದಿನ ಮಾರ್ತೀನಿ.”

ಈ ಸಲ ಅವಳನ್ನು ವಂಚಿಸುವ ಯೋಚನೆ ನನಗಿಲ್ಲ, ಆದರೂ — ಸುಳ್ಳಿನಿಂದ ಉಳಿಸಿಕೊಂಡ ಆ ನಂಬಿಕೆಯನ್ನು ಇನ್ನೊಂದು ದಿನ ಉಂಡುಕೊಂಡಿರಲು ನನ್ನಿಂದಾಗಲಿಲ್ಲ. “ನಾಳೆ ಬರ್ತೀನಿ ಅಕ್ಕಾ, ಬಂದು ಹೇಳ್ತೀನಿ” ಎಂದಷ್ಟೇ ಅಂದೆ. “ಬಾ, ರೇಣುಕಾಗ ನಾಳಿ ಮಿಲ್ಲಿನ ಸೂಟಿ ಅದ, ರೊಟ್ಟಿ ಮಾಡಸ್ತೀನಿ” ಎಂದಳು.

ಅವಳೆದುರು ನನ್ನ ನಾಲಗೆ ಜಾರುತ್ತದೆ ಎಂದು ಗೊತ್ತು, ಅದಕ್ಕೇ ಇದನ್ನು ಬರೆದಿಟ್ಟುಕೊಂಡೆ. ಅಕ್ಕನಿಗೆ ಓದು ಬಾರದು. ಮನೆಗೆ ಬಂದ ಯಾವ ಕಾಗದವನ್ನಾದರೂ ರೇಣುಕಾಳೇ ಓದಿ ಹೇಳುವುದು. ಇದನ್ನು ಅವಳ ಕೈಯಲ್ಲಿ ಕೊಟ್ಟು ಹಿಂತಿರುಗಿ ಬರಬಹುದು, ಆ ಯೋಚನೆಯೂ ಬಂತು. ಆದರೆ ಅವಳು ಓದಿದರೆ ಅಕ್ಕ ನಂಬುವುದಿಲ್ಲ — ಹಗೆಗೆ ತಾನೇ ಕಟ್ಟಿ ಓದುತ್ತಿದ್ದಾಳೆ ಎಂದು ಇನ್ನೊಮ್ಮೆ ಕೈಯೆತ್ತುತ್ತಾಳೆ.

ಬೆಳಗಿನ ಬಸ್ಸಿಗೆ ಹೋಗುತ್ತೇನೆ. ತಾಯಿ ಮಗಳು ಇಬ್ಬರನ್ನೂ ಕೂರಿಸಿ, ರೊಟ್ಟಿ ಮುಟ್ಟುವ ಮೊದಲು, ನಾನೇ ಓದುತ್ತೇನೆ. ಕ್ಷಮೆ ಕೇಳುವುದಿಲ್ಲ, ಆ ಮನೆಯಲ್ಲಿ ಕ್ಷಮೆ ಎಂಬ ಮಾತನ್ನು ನಾನು ಮೈಲಿಗೆ ಮಾಡಿದ್ದೇನೆ. ಬಾಗಿಲಾಚೆ ನೂಕಿದರೆ ಬರುತ್ತೇನೆ. ಓದುವುದು ಅರ್ಧಕ್ಕೇ ನಿಂತರೂ, ಕೊನೆಯ ಈ ಸಾಲನ್ನು ರೇಣುಕಾಳ ಎದುರಿಗೇ ಅಕ್ಕನಿಗೆ ಹೇಳಿ ಬರುತ್ತೇನೆ — ಅಕ್ಕಾ, ಅವತ್ತ ನಿನ್ನ ಮಗಳು ಹೇಳಿದ್ದು ಖರೇ ಇತ್ತು.