ಅವ್ವನ ಇಪ್ಪತ್ತು ರೊಟ್ಟಿಗಳ ಗ್ರಾಫ್

ಗೆಳೆಯರೇ, ಇವತ್ತು ಕ್ವಾಲಿಟಿ ಕಂಟ್ರೋಲ್ ಅಸೈನ್‌ಮೆಂಟಿಗೆಂದು ಹಾಸ್ಟೆಲಿನಿಂದ ಮನೆಗೆ ಬಂದೆ. ಅವ್ವ ಗೋಕಾಕದ ಖಾನಾವಳಿಗೆ ಬಡಿಯುವ ರೊಟ್ಟಿಗಳಲ್ಲಿ ಇಪ್ಪತ್ತರ ಅಗಲವನ್ನು, ಬಡಿದ ಸರದಿಯಲ್ಲೇ, ಸ್ಕೇಲಿನಿಂದ ಅಳೆದು ಚಾರ್ಟಿಗೆ ಹಾಕಿದೆ.

“ರೊಟ್ಟಿಗೂ ಮಾರ್ಕ್ಸ್ ಹಾಕ್ತಿಯೇನ, ಹುಚ್ಚಿ?” ಎಂದು ಅವ್ವ ನಕ್ಕಳು.

ಹದಿನಾಲ್ಕನೆಯದರಿಂದ ಪ್ರತಿ ರೊಟ್ಟಿಯೂ ಹಿಂದಿನದಕ್ಕಿಂತ ಚಿಕ್ಕದು. ಗೆರೆ ಇಳಿಯುತ್ತಲೇ ಹೋಯಿತು. ಗೆರೆ ಹೀಗೆ ಸತತ ಇಳಿದರೆ ಅಸೈನ್‌ಮೆಂಟಿನಲ್ಲಿ ಕಾರಣವನ್ನೂ ಬರೆಯಬೇಕು. ಸರ್ ಬೈದಾರೆಂಬ ಟೆನ್ಶನ್ನಿನಲ್ಲಿ ಅವಳನ್ನೇ ಕೇಳಿದೆ.

ಅವ್ವ ಬಲಗೈಯನ್ನು ಸೆರಗಿನೊಳಗೆ ಎಳೆದುಕೊಂಡಳು. “ಬೆರಳಾಗ ಶಕ್ತಿ ಉಳದಿಲ್ಲವ್ವಾ. ಹೇಳಿದ್ರ ನೀ ಕಾಲೇಜ್ ಬಿಟ್ಟು ಬರ್ತಿದ್ದಿ. ಹಿಟ್ಟಿಂದ ತಪ್ಪು ಅಂತ ಬರಿ.”

ಹಾಗೇ ಬರೆದೆ. ಹಿಟ್ಟಿಗೆ ಬಾಯಿಲ್ಲ. ಅವ್ವನಿಗೆ ಬಾಯಿದ್ದೂ, ಅವಳ ಕೈ ಸೋತದ್ದನ್ನು ನನಗೆ ಗ್ರಾಫ್ ಹೇಳಬೇಕಾಯಿತು.