ಬೆಳ್ಳಿ ಮುಟ್ಟದ ಮನೆ

ಅಜ್ಜಿ, ಆ ಹೆಂಗಸು "ಇಲ್ಲ" ಅನ್ನಲಿಲ್ಲ. ನಾನು ಅಂದೆ.

ಜವಳಗಿರಿಯ ಆಚೆ, ರಸ್ತೆಯ ಮೇಲೆ ಹುರುಳಿ ಹರಡಿದ್ದ ಕಡೆ ಅಪ್ಪ ಕಾರು ನಿಲ್ಲಿಸಿದರಲ್ಲ — ನಾನು ಇಳಿದು ಹೋಗಿ ಕೇಳಿ ಬಂದು, "ಅಂಥ ಮನೆ ಈ ಕಡೆ ಯಾವುದೂ ಇಲ್ವಂತೆ" ಅಂದೆನಲ್ಲ — ಅದು ಸುಳ್ಳು. ನಿನಗೆ ಓದಲು ಬರುವುದಿಲ್ಲ. ಇದನ್ನು ನಾನೇ ಓದಿ ಹೇಳಬೇಕು. ಆದರೂ ಮೊದಲು ಬರೆಯುತ್ತಿದ್ದೇನೆ — ಬಾಯಿಗೆ ಬಿಟ್ಟರೆ ಅದು ವಾದ ಹೂಡಿಬಿಡುತ್ತದೆ.

ನಿನಗೆ ಗೊತ್ತಿರುವುದನ್ನೇ ಮತ್ತೆ ಹೇಳುತ್ತೇನೆ — ಅದೆಲ್ಲ ನನಗೂ ಗೊತ್ತಿತ್ತು ಅನ್ನುವುದು ನಿನಗೆ ತಿಳಿಯಲಿ ಅಂತ. ನಮ್ಮ ಕುಲದ, ನಮ್ಮ ಬೆಡಗಿನ ಹೆಂಗಸರು ಮೈಮೇಲೆ ಬೆಳ್ಳಿ ಹಾಕುವ ಹಾಗಿಲ್ಲ. ಹುಟ್ಟಿದ ಹೆಣ್ಣುಮಕ್ಕಳೂ ಇಲ್ಲ, ಬಂದ ಸೊಸೆಯರೂ ಇಲ್ಲ. ಮದ್ದೂರಿನ ಕಡೆಯ ನಮ್ಮೂರಲ್ಲಿ, ಮದುವೆಯ ದಿನ, ನಿನ್ನ ತವರಿನ ಕಾಲ್ಗೆಜ್ಜೆ ಬಿಚ್ಚಿಸಿ ತಾಮ್ರದ ಕಾಲುಂಗುರ ತೊಡಿಸಿದರು. ನೀನು ಯಾಕೆ ಅಂದಿದ್ದಕ್ಕೆ ತಾತ ಹೇಳಿದ್ದು ಇಷ್ಟೇ: ನಮ್ಮ ಮೂಲ ಜವಳಗಿರಿ ಕಡೆ, ಕಾಡಂಚಿನ ಒಂದು ಮನೆ, ಅವರು ಹಾಕಲ್ಲ, ನಾವೂ ಹಾಕಲ್ಲ. ಆ ಮನೆಯನ್ನು ತಾತನೂ ನೋಡಿರಲಿಲ್ಲ. ಅಪ್ಪನ ಫ್ಯಾಕ್ಟರಿ ಕೆಲಸಕ್ಕೆಂದು ನಾವು ಹೊಸೂರಿನ ಪಕ್ಕದ ಮತ್ತಿಗಿರಿಗೆ ಬಂದು, ಜವಳಗಿರಿ ಇಷ್ಟು ಹತ್ತಿರವಾದರೂ, ತಾತ ತೀರಿಕೊಂಡ ಮೇಲೇ ನೀನು ಬಾಯಿಬಿಟ್ಟೆ: "ಒಂದ್ಸಲ ಕರ್ಕೊಂಡೋಗಿ. ಆ ಮನೆ ಕಣ್ಣಲ್ ನೋಡ್ಬೇಕು."

ಆ ದಿನ ದಾರಿಯುದ್ದಕ್ಕೂ ನಾನು ನಿನ್ನ ಜೊತೆ ಚರ್ಚಾಸ್ಪರ್ಧೆ ನಡೆಸಿದೆ. "ಹೇಳಿದವರೇ ಸಾಬೀತು ಮಾಡಬೇಕು ಅಜ್ಜಿ. ಊರಿನ ಹೆಸರಿಲ್ಲ, ಯಜಮಾನನ ಹೆಸರಿಲ್ಲ. ಪುರಾವೆ ಎಲ್ಲಿ?" ನೀನು ಎಲೆಅಡಿಕೆ ಚೀಲದಿಂದ ಆ ತಾಮ್ರದ ಕಾಲುಂಗುರಗಳನ್ನು — ತಾತ ಹೋದಾಗ ಬಿಚ್ಚಿದ್ದವು — ತೆಗೆದು ಅಂಗೈ ಚಾಚಿದೆ. "ಇವೇ ಕನವ್ವ."

"ಅದು ಪುರಾವೆ ಅಲ್ಲ, ಅಭ್ಯಾಸ."

"ಲಾಯರಮ್ಮ, ನಿನ್ನ ಕಟ್ಕೊಳ್ಳೋನು ಕೋರ್ಟಲ್ಲೇ ಸಂಸಾರ ಮಾಡ್ಬೇಕು" ಅಂದು ನಕ್ಕೆ ನೀನು.

ದಾರಿಯಲ್ಲಿ ತಳಿ ಊರಿನ ಟೀ ಅಂಗಡಿಯಲ್ಲಿ ಕೇಳಿದಾಗ ಒಬ್ಬ, "ಬೆಳ್ಳಿ ಹಾಕ್ದಿರೋ ಮನೆಯಾ? ಈಗಿನ ರೇಟ್ಗೆ ಎಲ್ಲಾ ಮನೇನೂ ಅದೇಯ" ಅಂದ. ನಾನು ಎಲ್ಲರಿಗಿಂತ ಜೋರಾಗಿ ನಕ್ಕೆ. ಆಮೇಲೆ ನಿಲ್ಲಿಸಿದಲ್ಲೆಲ್ಲ ಇಲ್ಲ, ಇಲ್ಲ. ಪ್ರತಿ "ಇಲ್ಲ"ಕ್ಕೂ ನನಗೊಂದು ಅಂಕ.

ಕೊನೆಗೆ ಆ ಹುರುಳಿ. ಗಾಡಿಗಳು ಹರಿದು ಕಾಯಿ ಒಡೆದು ಕಾಳು ಬಿಡಲಿ ಅಂತ ರಸ್ತೆಗೇ ಹಾಸಿದ್ದರು. ನಿನ್ನ ಮಂಡಿ ಹಿಡಿದಿತ್ತು, ನೀನು ಇಳಿಯಲಿಲ್ಲ. ಒಬ್ಬ ಹೆಂಗಸು ಕಾಲಿನಿಂದ ಹುರುಳಿ ಕೆದರುತ್ತಿದ್ದಳು. ನಾನು ಕೇಳಿದೆ. "ಅದೋ, ಹುಣಸೆ ಮರದಾಚೆ. ನಮ್ದೇ ಕಣವ್ವ. ಯಾರು ನೀವು?" ಅಂದಳು. ಅವಳ ಕಾಲ್ಬೆರಳುಗಳತ್ತ ನೋಡಿದೆ. ಧೂಳು ಮೆತ್ತಿದ ತಾಮ್ರ — ನಿನ್ನ ಚೀಲದಲ್ಲಿದ್ದಂಥದ್ದೇ.

"ಸುಮ್ನೆ ಕೇಳ್ದೆ" ಅಂದು ತಿರುಗಿ ಬಂದೆ.

ಹೊತ್ತು ಮುಳುಗಿದರೆ ಆನೆಗಳು ಇಳಿಯುತ್ತವೆ ಅಂತ ಅಪ್ಪನಿಗೆ ಅವಸರವಿತ್ತು. ಅದು ಕಾರಣವಲ್ಲ. ಬೆಳಗಿನಿಂದ ಗೆಲ್ಲುತ್ತಿದ್ದೆ — ಕೊನೆಯಲ್ಲಿ ಸೋಲುವುದು ಬೇಕಿರಲಿಲ್ಲ. ಅಷ್ಟೇ. ಅಷ್ಟಕ್ಕೇ.

ಅವಳು ಹುರುಳಿ ಮೇಲೇ ಬನ್ನಿ ಬನ್ನಿ ಅಂತ ಕೈಬೀಸಿದಳು. ಹುರುಳಿ ಚಟಚಟ ಅನ್ನುತ್ತಿದ್ದಂತೆ ಕಾರು ಅದರ ಮೇಲೆ ಹಾದುಹೋಯಿತು. ಗಾಜಿನಾಚೆ ನೀನು ಅವಳಿಗೆ ನಕ್ಕೆ, ಅವಳೂ ನಕ್ಕಳು. "ಎಷ್ಟ್ ಲಕ್ಷಣವಾಗವ್ಳೆ ನೋಡು" ಅಂದೆ ನೀನು. ಆಗಲೂ ನಾನು ನಿಜ ಹೇಳಬಹುದಿತ್ತು. ಸ್ವಲ್ಪ ದೂರ ಹೋದ ಮೇಲೆ ನೀನು, ನಮಗಲ್ಲ, ಕಿಟಕಿಗೆ ಹೇಳಿದೆ: "ಅಂಗಾದ್ರೆ ಇಷ್ಟ್ ದಿನ ಯಾರ್ ಮಾತು ಉಳಿಸ್ದೆ ನಾನು?"

ಮುಂದಿನ ವಾರ ನೀನು ಹೊಸೂರಿನಿಂದ ನನಗೆ ಬೆಳ್ಳಿ ಕಾಲ್ಗೆಜ್ಜೆ ತಂದೆ. ನೆಲಕ್ಕೆ ಕೂತು, ನನ್ನ ಪಾದ ತೊಡೆಯ ಮೇಲಿಟ್ಟುಕೊಂಡು, ನೀನೇ ಹಾಕಿದೆ. "ಚಿಕ್ಕೋಳಿದ್ದಾಗ ಇದಕ್ಕೇ ಅಲ್ವ ಉಳ್ಳಾಡಿ ಅತ್ತಿದ್ದು. ಇಲ್ದಿರೋ ಮನೆಗೋಸ್ಕರ ನಿನ್ನ ಅಳಿಸ್ಬುಟ್ಟೆ ಮಗ. ಗೆದ್ದೆ ಬುಡು."

ವರ್ಷಗಳೇ ಆದವು. ಕಾಲೆತ್ತಿ ಇಟ್ಟಾಗಲೆಲ್ಲ ಅದು ಸದ್ದು ಮಾಡುತ್ತಿತ್ತು. ಹೋದ ವಾರ ಸ್ಕೂಟರ್ ಹತ್ತಿ ಒಬ್ಬಳೇ ಅಲ್ಲಿಗೆ ಹೋದೆ. ಹುಣಸೆ ಮರದಾಚೆ ಅದೇ ಹೆಂಗಸು, ಕೂದಲು ಸ್ವಲ್ಪ ನರೆತಿದೆ. ನಾನು ನಿಮ್ಮ ಬೆಡಗಿನವಳು, ನಿಮ್ಮ ಮನೆಯ ಕವಲು ಅಂದೆ. ಅವಳು ನನ್ನ ಮುಖ ನೋಡಿದಳು, ಆಮೇಲೆ ಕಾಲು.

"ಬೆಳ್ಳಿ ಹಾಕ್ಕಂಡಿದೀಯಲ್ಲವ್ವ. ನಮ್ಮೋರಾಗಿದ್ರೆ ಹಾಕ್ತಿರ್ಲಿಲ್ಲ."

ತಾತನ ಹೆಸರು ಹೇಳಿದೆ, ಮದ್ದೂರು ಅಂದೆ, ನಿನ್ನ ಕಾಲುಂಗುರದ ವಿಷಯ ಹೇಳಿದೆ. ಅವಳು ಜಗಲಿಯಲ್ಲಿ ಕೂರಿಸಿ ಮಜ್ಜಿಗೆ ಕೊಟ್ಟಳು — ದಾರಿಹೋಕರಿಗೆ ಕೊಡುವ ಹಾಗೆ. ನಂಬಲಿಲ್ಲ. ನಾನಾಗಿದ್ದರೂ ನಂಬುತ್ತಿರಲಿಲ್ಲ.

ಗೆಜ್ಜೆ ಬಿಚ್ಚಿ ಇಲ್ಲೇ ಮೇಜಿನ ಮೇಲೆ ಇಟ್ಟಿದ್ದೇನೆ. ನೀನು ಹೊರಗೆ ಅವರೆಕಾಯಿ ಬಿಡಿಸುತ್ತಿದ್ದೀ. ಸಿಪ್ಪೆ ಬೀಳುವ ಸದ್ದು ಕೇಳುತ್ತಿದೆ. ಇದನ್ನು ಓದಿ ಮುಗಿಸಿದ ಮೇಲೆ ನೀನು ಬೈದರೂ, ಸುಮ್ಮನಿದ್ದರೂ — ನಾನು ಮರುಮಾತು ಆಡುವುದಿಲ್ಲ. ಭಾನುವಾರ ಕಾರು ತೆಗೆಯಲು ಅಪ್ಪನಿಗೆ ಹೇಳಿದ್ದೇನೆ. ಎಲೆಅಡಿಕೆ ಚೀಲ ಮರೆಯದೆ ತಗೋ. ಆ ಮನೆಯ ಅಂಗಳದವರೆಗೂ ಕಾರು ಹೋಗುತ್ತದೆ. ಈ ಸಲ ಇಳಿದು ಕೇಳುವವಳು ನೀನು. ನಾನು ಕಾರಿನಲ್ಲೇ ಕೂತಿರುತ್ತೇನೆ — ನೀನು ಕರೆಯುವವರೆಗೂ.